ಬಿರುಕಿನ ಮೇಲಿನ ಗಾಜು

ಪಬ್ಬಿನ ಮಾಲೀಕರಾದ ಬಿಯರ್ ಕಂಪನಿಯವರು ಕಳಿಸಿದ ಇಂಜಿನಿಯರ್ ಪೀಕ್, ಬೆಂಕಿಗೂಡಿನ ಪಕ್ಕದ ಬಿರುಕಿಗೆ ಅಡ್ಡಲಾಗಿ ಬೆರಳಗಲದ ಒಂದು ಗಾಜಿನ ಪಟ್ಟಿ ಇಟ್ಟು, ಅದರ ಎರಡೂ ತುದಿಗೆ ಗಾರೆ ಮೆತ್ತಿದ. ಗಾರೆ ಹಿಡಿಯುವ ತನಕ ಹೆಬ್ಬೆರಳಿನಿಂದ ಒತ್ತಿಕೊಂಡೇ ನಿಂತಿದ್ದ. ಪಬ್ಬು ನಡೆಸುವ ಆಲಿವ್ ಸೆಚೆಲ್ ಒರೆಸುವ ಬಟ್ಟೆ ಹಿಡಿದು ಅವನ ಹಿಂದೆ ನಿಂತಿದ್ದಳು.

"ಇಷ್ಟೇನಾ?" ಎಂದಳು.

"ಇಷ್ಟೇ. ಗೋಡೆ ಅಲ್ಲಾಡದಿದ್ರೆ ಹೀಗೇ ಇರುತ್ತೆ. ಕೂದಲೆಳೆಯಷ್ಟು ಸರಿದ್ರೂ ಒಡೆಯುತ್ತೆ. ಗಾಜಿಗೆ ಬಗ್ಗೋದು ಗೊತ್ತಿಲ್ಲ ನೋಡಿ."

"ಒಡೆದ್ರೆ?"

"ಮೊದಲು ಜನಾನ ಹೊರಗೆ ಕಳ್ಸಿ. ಬೆಂಕಿ ಆರ್ಸಿ. ಆಮೇಲೆ ನಂಗೆ ಫೋನ್ ಮಾಡಿ. ನೀವೂ ಹೊರಗೇ ಇರ್ಬೇಕು, ಮಿಸೆಸ್ ಸೆಚೆಲ್. ಮತ್ತೆ ಯಾವಾಗ ಒಳಗೆ ಬರೋದು ಅಂತ ನಾನು ಹೇಳೋಕಾಗಲ್ಲ. ಅದು ಕಂಪನಿಗೆ ಬಿಟ್ಟಿದ್ದು."

ಕಂಪನಿಗೆ ಬಿಟ್ಟರೆ ಏನಾಗುತ್ತದೆಂದು ಆಲಿವ್‌ಗೆ ಗೊತ್ತಿತ್ತು. ಕಾಲುವೆಯಾಚೆಯ ಊರಿನ ಪಬ್ಬನ್ನು ಸೂರು ಸೋರುತ್ತದೆಂದು ಸ್ವಲ್ಪ ದಿನದ ಮಟ್ಟಿಗೆ ಮುಚ್ಚಿದ್ದರು. ಈಗ ಅದರ ಕಿಟಕಿಗಳಿಗೆ ಹಲಗೆ ಬಡಿದಿತ್ತು. ಬಾಗಿಲಲ್ಲಿ ತುರಿಕೆ ಗಿಡ ಎದೆಯುದ್ದ ಬೆಳೆದಿತ್ತು.

ಹೊರಡುವ ಮುನ್ನ ಪೀಕ್ ಬೆಂಕಿಗೂಡಿನ ಬಾಯಿಯ ಮೇಲಿನ ತೊಲೆಯತ್ತ ಕೈ ತೋರಿಸಿ ಎರಡು ಪ್ರಶ್ನೆ ಕೇಳಿದ.

"ಈ ತೊಲೆ ಕೆಳಗೆ ಮುಂಚೆ ಏನಾದ್ರೂ ಆಸರೆ ಇತ್ತಾ? ಕಂಬ, ಗೋಡೆ, ಏನಾದ್ರೂ?"

"ಇಲ್ಲ."

"ಹೊಗೆಗೂಡಿನ ಬುಡದಲ್ಲಿ ನೀರಿನ ಪೈಪು ಹೋಗಿದ್ಯಾ?"

"ಇಲ್ಲ," ಎಂದಳು. ಎರಡನೆಯ ಇಲ್ಲ ಮೊದಲನೆಯದಕ್ಕಿಂತ ಬೇಗ ಬಂತು.

"ಸರಿ. ಗುರುವಾರ ಬರ್ತೀನಿ."

ಅವನ ಕಾರಿನ ಸದ್ದು ದೂರವಾದ ಮೇಲೆ ಆಲಿವ್ ಬಾರಿನ ಹಿಂದಿದ್ದ ಚಿತ್ರವೊಂದನ್ನು ಇಳಿಸಿ, ಧೂಳು ಒರೆಸಿ, ಗಾಜನ್ನು ಮುಚ್ಚುವಂತೆ ತೂಗುಹಾಕಿದಳು. ಚಿತ್ರದಲ್ಲಿ ಅವಳ ಗಂಡ ವಿಲ್ಫ್ ಊರಿನ ಡಾರ್ಟ್ಸ್ ತಂಡದ ನಡುವೆ ಗೆದ್ದ ಕಪ್ ಎತ್ತಿ ಹಿಡಿದು ನಗುತ್ತಿದ್ದ. ವಿಲ್ಫ್ ತೀರಿಕೊಂಡು ಕೆಲವು ವರ್ಷಗಳಾಗಿದ್ದವು.

ನಮ್ಮ ಮೆಲ್‌ಡ್ರೋವ್ ಊರಿನ ಆ ಪಬ್ಬಿನ ಹೆಸರು ಗೋಧಿ ಸಿವುಡು. ಹೆಸರು ಎಷ್ಟು ಹಳೆಯದೋ ಮನೆ ಅದಕ್ಕಿಂತ ಹಳೆಯದು. ಓಕ್ ಮರದ ಹಂದರ, ಎಲ್ಲಿಯೂ ಒಂದು ಕಬ್ಬಿಣದ ಮೊಳೆಯಿಲ್ಲ. ತೊಲೆಯ ನಾಲಿಗೆಯನ್ನು ಕಂಬದ ಬಾಯಿಗೆ ಹೊಗಿಸಿ ಮರದ ಗೂಟ ಬಡಿದಿದ್ದಾರೆ. ಯಾವ ತೊಲೆ ಯಾವ ಕಂಬಕ್ಕೆ ಎಂದು ಬಡಗಿಗಳು ಉಳಿಯಿಂದ ಗೀರಿಕೊಂಡ ಗುರುತುಗಳು ಇನ್ನೂ ಬೆರಳಿಗೆ ಸಿಗುತ್ತವೆ. ನಡುವಿನ ಗೋಡೆಗಳು ಹೆಣೆದ ಕಡ್ಡಿಯವು. ಮೇಲೆ ಮಣ್ಣು, ಸಗಣಿ, ಕುದುರೆ ಕೂದಲು ಕಲಸಿ ಮೆತ್ತಿ ಸುಣ್ಣ ಬಳಿದದ್ದು. ತಲೆಯ ಮೇಲೆ ಜೊಂಡಿನ ಸೂರು, ಕಿಟಕಿಗಳ ಹುಬ್ಬಿನ ತನಕ ಇಳಿದಿದೆ. ಒಳಗೆ ಹೋಗುವವರೆಲ್ಲ ತಲೆ ಬಗ್ಗಿಸಬೇಕು, ಪಾದ್ರಿಯೂ. ಆ ಮನೆಯಲ್ಲಿ ನೇರವಾದ ಗೆರೆಯೊಂದನ್ನು ನಾನು ಕಂಡಿಲ್ಲ. ಮೇಜಿನ ಮೇಲಿಟ್ಟ ಗ್ಲಾಸಿನಲ್ಲಿ ಬಿಯರ್ ಓರೆಯಾಗಿ ನಿಲ್ಲುತ್ತದೆ. ಮಹಡಿಯಲ್ಲಿ ಆಲಿವ್ ಮಲಗುವ ಮಂಚದ ಒಂದು ಬದಿಯ ಕಾಲುಗಳ ಕೆಳಗೆ ಇಟ್ಟಿಗೆ ಇದೆ.

ಹೊಗೆಗೂಡು ಮಾತ್ರ ಇಟ್ಟಿಗೆಯದು, ಆಮೇಲೆ ಕಟ್ಟಿ ಮನೆಗೆ ಒರಗಿಸಿದ್ದು. ಅದರ ಬಾಯಿ ಒಂದು ಸಣ್ಣ ಕೋಣೆಯಷ್ಟು ಅಗಲ. ಒಳಗೆ ಬೆಂಕಿಯ ಎರಡೂ ಪಕ್ಕಕ್ಕೆ ಕೂರುವ ಕಟ್ಟೆ. ಬಾಯಿಯ ಮೇಲೆ ಅಡ್ಡಲಾಗಿ ಮಲಗಿರುವುದು ಒಂದೇ ಮರದ ತೊಲೆ. ಅದನ್ನು ನಾವು ಮುದುಕ ಎನ್ನುತ್ತೇವೆ. ಮೇಲಿನ ಇಟ್ಟಿಗೆಯ ಭಾರವೆಲ್ಲ ಮುದುಕನ ಬೆನ್ನಿನ ಮೇಲೆ.

ಆಲಿವ್ ಹುಟ್ಟಿದ್ದು ಇಲ್ಲಲ್ಲ, ಕೆಳಗಿನ ಜೌಗು ನೆಲದಲ್ಲಿ. ಅವಳಪ್ಪ ಗದ್ದೆಗಳ ನೀರನ್ನು ಕಾಲುವೆಗೆ ಎತ್ತುವ ಯಂತ್ರದ ಕಾವಲುಗಾರನಾಗಿದ್ದ. ನೀರು ಎತ್ತಿದಷ್ಟೂ ಆ ಕಪ್ಪು ನೆಲ ಒಣಗಿ ಕುಗ್ಗುತ್ತದೆ. ಮನೆ ಇದ್ದಲ್ಲೇ ಇರುತ್ತದೆ, ನೆಲ ಇಳಿಯುತ್ತದೆ. ಅವಳಪ್ಪ ಬಾಗಿಲಿಗೆ ಮೆಟ್ಟಿಲು ಸೇರಿಸುತ್ತಲೇ ಇದ್ದ. ಕೊನೆಗೆ ಒಂದು ಮೂಲೆ ವಾಲಿತು. ಯಾರೋ ಟೋಪಿ ಹಾಕಿಕೊಂಡವರು ಬಂದು ಗೋಡೆಯ ಮೇಲೆ ಬಿಳಿ ಬಣ್ಣದಲ್ಲಿ ಗುರುತು ಹಾಕಿದರು. ಪಾತ್ರೆಪಗಡಗಳನ್ನು ಗಾಡಿಗೆ ಹೇರಿ ತಿರುಗಿ ನೋಡುವಷ್ಟರಲ್ಲಿ ಹಗ್ಗ ಕಟ್ಟಿ ಮನೆಯನ್ನು ಎಳೆದು ಕೆಡವಿದ್ದರು. "ಟೀ ಮಾಡೋಷ್ಟು ಹೊತ್ತು ಕೂಡ ಹಿಡೀಲಿಲ್ಲ," ಎಂದು ಆಲಿವ್ ಒಮ್ಮೆ ನನಗೆ ಹೇಳಿದ್ದಳು. ಅದರ ಬಗ್ಗೆ ಅವಳು ಆಡಿದ್ದು ಅಷ್ಟೇ.

ವಿಲ್ಫ್‌ನನ್ನು ಮದುವೆಯಾಗಿ ಈ ಮನೆಗೆ ಬಂದಾಗ ಅವಳಿಗೆ ಇಪ್ಪತ್ತಿರಬೇಕು. ಮೊದಲ ವಾರವೆಲ್ಲ ನಿದ್ದೆ ಮಾಡಲಿಲ್ಲವಂತೆ. ಮನೆ ಕಿರುಗುಡುತ್ತಿತ್ತು. ವಿಲ್ಫ್ ನಗುತ್ತಿದ್ದ: "ಮರ ಉಸಿರಾಡ್ತಿದೆ ಕಣೇ. ಬೇಸಿಗೇಲಿ ಕುಗ್ಗುತ್ತೆ, ಚಳೀಲಿ ಉಬ್ಬುತ್ತೆ. ಸದ್ದು ನಿಂತ್ರೆ ಹೆದರ್ಕೋ." ಅವಳು ಆ ಸದ್ದುಗಳನ್ನು ಒಂದೊಂದಾಗಿ ಕಲಿತಳು. ಹೊಗೆಗೂಡು ಮತ್ತು ಗೋಡೆ ಸೇರುವಲ್ಲಿ ಬೇಸಿಗೆಯಲ್ಲೊಂದು ಬಿರುಕು ತೆರೆಯುತ್ತದೆ, ಚಳಿಗೆ ಮುಚ್ಚಿಕೊಳ್ಳುತ್ತದೆ ಎಂಬುದನ್ನೂ ಕಲಿತಳು.

ಆ ವರ್ಷ ಬಿರುಕು ಮುಚ್ಚಿಕೊಳ್ಳಲಿಲ್ಲ. ಕ್ರಿಸ್‌ಮಸ್ ಹೊತ್ತಿಗೆ ಅವಳ ಕಿರುಬೆರಳ ತುದಿ ಅದರೊಳಗೆ ಹೋಗುತ್ತಿತ್ತು. ಕಿಟಕಿಗೆ ಬಣ್ಣ ಬಳಿಯಲು ಬಂದ ಕಂಪನಿಯ ಆಳು ಅದನ್ನು ನೋಡಿ ಮೇಲಿನವರಿಗೆ ಹೇಳಿದ. ಪೀಕ್ ಬಂದದ್ದು ಹಾಗೆ.

ಆಲಿವ್ ಸುಳ್ಳು ಹೇಳಿದ್ದು ವಿಲ್ಫ್‌ನಿಗಾಗಿ. ಒಂದು ಕಾಲದಲ್ಲಿ ಮುದುಕನ ಕೆಳಗೆ ಇಟ್ಟಿಗೆ ಕಂಬವೊಂದಿತ್ತು. ಬೆಂಕಿಗೂಡಿನ ಬಾಯಿಯ ಅರ್ಧವನ್ನು ನುಂಗಿ, ನೋಡಲು ಕುರೂಪವಾಗಿತ್ತು. ಪಟ್ಟಣದ ಜನ ಭಾನುವಾರದ ಊಟಕ್ಕೆ ಕಾರು ಹತ್ತಿ ಬರಲು ಶುರುಮಾಡಿದಾಗ ಎಲ್ಲರಿಗೂ ಹಳೆಯದರ ಹುಚ್ಚು. ಎಲ್ಲ ಪಬ್ಬುಗಳಲ್ಲೂ ಗಾರೆ ಕೆತ್ತಿ ತೊಲೆ ಹೊರತೆಗೆದರು, ಕಪ್ಪು ಬಣ್ಣ ಬಳಿದರು. ವಿಲ್ಫ್ ಯಾರ ಅಪ್ಪಣೆಯನ್ನೂ ಕೇಳದೆ ಕಂಬವನ್ನು ಒಡೆದು ಹಾಕಿದ. ಆಲಿವ್ ಬಕೆಟ್ಟಿನಲ್ಲಿ ಇಟ್ಟಿಗೆ ಹೊತ್ತಳು. ಬೆಂಕಿಗೂಡಿನ ಅಗಲವಾದ ಬಾಯಿ ಪೂರ್ತಿ ತೆರೆದುಕೊಂಡ ದಿನ ನಾವೆಲ್ಲ ಹೋಗಿ ಚಪ್ಪಾಳೆ ತಟ್ಟಿದೆವು. ತೊಲೆಯ ಮೇಲೆ ಹಿಂದಿನವರು ಸಿಡಿಲು ಬಡಿಯದಿರಲಿ ಎಂದು ಮೊಂಬತ್ತಿಯಿಂದ ಸುಟ್ಟ ಗುರುತುಗಳಿದ್ದವು, ಕಣ್ಣೀರಿನ ಹನಿಯ ಆಕಾರದಲ್ಲಿ. ಮುದುಕನಿಗೆ ಹೆಸರು ಬಂದದ್ದು ಅಂದೇ.

ಅದಾದ ಮೇಲೆ ವಿಲ್ಫ್ ಹೆಂಗಸರಿಗೆಂದು ಹೊಗೆಗೂಡಿನ ಆಚೆ ಒಂದು ಶೌಚಾಲಯ ಕಟ್ಟಿದ. ಅಷ್ಟು ದಿನ ನಾವು ಮಳೆಯಲ್ಲಿ ಹಿತ್ತಲು ದಾಟಿ ಹೋಗಬೇಕಿತ್ತು. ಪೈಪನ್ನು ತಾನೇ ಹೂತ. ಅದಕ್ಕೂ ಅಪ್ಪಣೆ ಕೇಳಿರಲಿಲ್ಲ. ಅದು ಆಲಿವ್‌ಗೆ ಅಷ್ಟಾಗಿ ನೆನಪಿನಲ್ಲೂ ಇರಲಿಲ್ಲ. ಅವಳ ಮನಸ್ಸಿನಲ್ಲಿ ಕೂತಿದ್ದು ಕಂಬ. ಒಂದು ಗೊತ್ತಾದರೆ ಇನ್ನೊಂದು ಗೊತ್ತಾಗುತ್ತದೆಂದು ಎರಡಕ್ಕೂ ಇಲ್ಲ ಎಂದುಬಿಟ್ಟಿದ್ದಳು.

ಪೀಕ್ ಬಂದುಹೋದ ಮೇಲಿನ ಸೋಮವಾರವೇ ನೇಗಿಲ ಸೋಮವಾರ. ಕ್ರಿಸ್‌ಮಸ್ಸಿನ ರಜೆ ಮುಗಿದು ಉಳುಮೆ ಶುರುವಾಗುವ ದಿನ. ಊರಿನ ಗಂಡಸರು ಮೊಳೆ ಬಡಿದ ಬೂಟು ಹಾಕಿ, ಟೋಪಿಗೆ ಬಣ್ಣದ ಪಟ್ಟಿ ಕಟ್ಟಿ, ಹಳೆಯ ಕುದುರೆ ನೇಗಿಲಿಗೆ ತಾವೇ ಹಗ್ಗ ಹೂಡಿ ಮನೆಮನೆಗೆ ಎಳೆಯುತ್ತಾರೆ. ಒಬ್ಬ ಹೆಂಗಸಿನ ವೇಷ ಹಾಕಿರುತ್ತಾನೆ. ಕೊನೆಗೆ ಗೋಧಿ ಸಿವುಡಿಗೆ ಬಂದು, ನೇಗಿಲನ್ನು ಬಾಗಿಲಲ್ಲಿ ನಿಲ್ಲಿಸಿ, ಮುದುಕನ ಎದುರು ನೆಲ ನಡುಗುವಂತೆ ಕುಣಿಯುತ್ತಾರೆ. ಬೂಟಿನ ಸದ್ದು ಜೋರಾದಷ್ಟೂ ಬೆಳೆ ಎತ್ತರ ಎಂದು ಮಾತು. ನೇಗಿಲನ್ನು ಬೇಡವೆಂದ ಮನೆಗೆ ಒಂದೇ ಶಿಕ್ಷೆ: ಹೊಸ್ತಿಲ ಮುಂದೆ ಉಳುತ್ತಾರೆ. ನನ್ನ ಕಾಲದಲ್ಲಿ ಯಾರೂ ಬೇಡವೆಂದಿರಲಿಲ್ಲ.

ಆ ಬೆಳಿಗ್ಗೆ ಹಿಮ ಬಿದ್ದು ನೆಲ ಕಲ್ಲಾಗಿತ್ತು. ಹೊಗೆಗೂಡಿನ ಹೊರಬುಡದಲ್ಲಿ ಮಾತ್ರ ಹಿಮ ನಿಂತಿರಲಿಲ್ಲ. ಅಲ್ಲಿ ಚಳಿಗಾಲದಲ್ಲೂ ಹುಲ್ಲು ಹಸಿರು. ಒಳಗಿನ ಬೆಂಕಿಯ ಬಿಸಿ ಎಂದು ನಾವು ತಿಳಿದಿದ್ದೆವು. ಆಲಿವ್‌ಳ ಬೆಕ್ಕೂ ಹಾಗೇ ತಿಳಿದು ಅಲ್ಲಿ ಮಲಗುತ್ತಿತ್ತು.

ಆಲಿವ್ ಎದ್ದವಳೇ ಚಿತ್ರ ಸರಿಸಿ ನೋಡಿದಳು. ಗಾಜು ಪೂರ್ತಿಯಾಗಿತ್ತು. ಬೆಂಕಿ ದೊಡ್ಡದಾಗಿ ಹಾಕಿದಳು. ಬಾಗಿಲು ತೆರೆಯುತ್ತಲೇ ಎಫ್ರೇಮ್ ಕಟ್ಲ್ಯಾಕ್ ಬಂದ. ಊರಿಗೆಲ್ಲ ತಾತ. ಬೆಂಕಿಗೂಡಿನೊಳಗಿನ ಎಡಗಡೆಯ ಕಟ್ಟೆ ಅವನದು. ಬೇರೆಯವರು ಕೂತರೆ ಎದುರಿಗೆ ನಿಂತು ಕೆಮ್ಮುತ್ತಿದ್ದ.

ಮಧ್ಯಾಹ್ನ ಹತ್ತಿರವಾಗುತ್ತಿದ್ದಾಗ ಅವನು ಗ್ಲಾಸು ಎತ್ತಿ ಬೆಳಕಿಗೆ ಹಿಡಿದ.

"ಯಜಮಾನಿ, ಬಿಯರಿಗೆ ಮೆಣಸಿನಪುಡಿ ಹಾಕಿದ್ದೀಯೇನು?"

ಆಲಿವ್ ಹೋಗಿ ನೋಡಿದಳು. ನೊರೆಯ ಮೇಲೆ ಇಟ್ಟಿಗೆಯ ಕೆಂಪು ಪುಡಿ. ಅವನ ಟೋಪಿಯ ಮೇಲೂ ಇತ್ತು. ಅವಳು ಅವನಿಗೆ ಬೆನ್ನು ಮಾಡಿ ಚಿತ್ರವನ್ನು ಒಂದಿಷ್ಟು ಎತ್ತಿದಳು. ಗಾಜಿನ ನಡುವೆ ಓರೆಯಾಗಿ ಒಂದು ಗೆರೆ. ಬೆರಳಿಟ್ಟಳು. ಎರಡು ಅಂಚುಗಳು ಒಂದೇ ಮಟ್ಟದಲ್ಲಿರಲಿಲ್ಲ. ಬೆರಳಿನಲ್ಲಿ ರಕ್ತ ಬಂತು.

ಚಿತ್ರ ಬಿಟ್ಟಳು. ಫೋನು ಇದ್ದದ್ದು ಅಡುಗೆಮನೆಗೆ ಹೋಗುವ ಓಣಿಯಲ್ಲಿ. ಅಲ್ಲಿಗೆ ಹೋಗಿ ಎತ್ತಿದಳು, ಕಿವಿಗಿಟ್ಟಳು, ಮತ್ತೆ ಕೆಳಗಿಟ್ಟಳು. ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಡೋಲಿನ ಸದ್ದು ಕೇಳಿಸಿತು.

ಅವಳು ಒಂದು ಬಕೆಟ್ ಬೂದಿ ತಂದು ಬೆಂಕಿಯ ಮೇಲೆ ಸುರಿದಳು.

"ಏಯ್! ಏಯ್!" ಎಫ್ರೇಮ್ ಕಾಲು ಎಳೆದುಕೊಂಡ. "ಇವತ್ತು ನೇಗಿಲ ಸೋಮವಾರ! ಬೆಂಕಿ ಆರಿಸ್ತಾರಾ ಯಾರಾದ್ರೂ? ತಲೆ ಕೆಟ್ಟಿದ್ಯಾ?"

"ತಾತ, ಎದ್ದೇಳಿ. ನೇಗಿಲು ಬರ್ತಿದೆ, ಹೊರಗೆ ಹೋಗಿ ನೋಡಿ."

"ನಾನು ಸುಮಾರು ನೇಗಿಲು ನೋಡಿದ್ದೀನಿ. ಅದೇ ಬಂದು ನನ್ನ ನೋಡ್ಲಿ."

"ಮೇಲಿಂದ ಮಣ್ಣು ಬೀಳ್ತಿದೆ ತಾತ."

"ಬೀಳ್ಲಿ ಬಿಡು. ನನ್ನ ವಯಸ್ಸಿಗೆ ಇನ್ನೇನು, ಬೀಳೋ ಮಣ್ಣು ಇವತ್ತು ಬಿದ್ರೇನು, ನಾಳೆ ಬಿದ್ರೇನು."

ಆಲಿವ್ ಅವನ ಕೈಯಿಂದ ಗ್ಲಾಸು ಕಿತ್ತುಕೊಂಡು ಬಾಗಿಲ ಕಡೆ ನಡೆದಳು. ಗ್ಲಾಸು ಹೋದಲ್ಲಿಗೆ ಎಫ್ರೇಮ್. ಬೈಯುತ್ತ, ಕೋಲು ಊರುತ್ತ ಹಿಂದೆಯೇ ಬಂದವನಿಗೆ ರಸ್ತೆಯಲ್ಲಿ ಗ್ಲಾಸು ವಾಪಸು ಸಿಕ್ಕಿತು. ಒಳಗಿದ್ದ ಮಿಕ್ಕವರು ನೇಗಿಲು ನೋಡಲೆಂದು ಆಗಲೇ ರಸ್ತೆಗೆ ಇಳಿದಿದ್ದರು.

ಎದುರು ಮನೆ ನಮ್ಮದು. ಪಬ್ಬಿಗೆ ಕಡುಬು ಮಾಡಿಕೊಡುವುದು ನನ್ನ ಕೆಲಸ. ಬುಟ್ಟಿ ಹಿಡಿದು ರಸ್ತೆ ದಾಟುತ್ತಿದ್ದವಳಿಗೆ ಆಲಿವ್ ಬಾಗಿಲನ್ನು ಎಳೆದುಕೊಂಡು ಹೊಸ್ತಿಲಿನಲ್ಲಿ ನಿಂತದ್ದು ಕಾಣಿಸಿತು. ಒಂದು ಕೈ ಏಪ್ರನ್ನಿನೊಳಗೆ ಸುತ್ತಿಕೊಂಡಿತ್ತು. ನೇಗಿಲ ತಂಡ ಬಂದು ನಿಂತಿತು. ತಂಡದ ಯಜಮಾನ ಕ್ಲೆಮ್ ಹೇಲಾಕ್, ಬೀಟ್ ಗೆಡ್ಡೆ ಬೆಳೆಯುವ ರೈತ, ಬಾಗಿಲಿನಷ್ಟೇ ಅಗಲ.

"ಏನ್ ಯಜಮಾನಿ, ಹೊಸ್ತಿಲಲ್ಲೇ ನಿಂತ್ಬಿಟ್ಟೆ? ನಮ್ಮನ್ನ ಒಬ್ಬೊಬ್ಬರನ್ನೇ ಎತ್ಕೊಂಡು ಹೋಗ್ತೀಯಾ?"

"ಇವತ್ತು ಒಳಗಿಲ್ಲ ಕ್ಲೆಮ್. ರಸ್ತೇಲೇ ಕುಣೀರಿ. ಬಿಯರ್ ನಾನೇ ಹೊರಗೆ ತರ್ತೀನಿ."

"ಹೊರಗೆ ತಂದ್ರೆ ಕುಡಿಯೋ ಹಾಗಿರಲ್ಲ, ಚೀಪೋ ಹಾಗಿರುತ್ತೆ!"

ಎಲ್ಲರೂ ನಕ್ಕರು. ಹೆಂಗಸಿನ ವೇಷದ ನಾಬಿ ಫಿಯರಿ ಲಂಗ ಎತ್ತಿ ಹಿಡಿದು ಮುಂದೆ ಬಂದ. "ಆಲಿವ್, ನನ್ನ ಹೆಂಡ್ತಿ ಲಂಗದೊಳಗೆ ಉತ್ತರದ ಗಾಳಿಯೆಲ್ಲ ಸೇರ್ಕೊಂಡಿದೆ ಕಣೇ. ಹೆಂಗಸರ ಕಷ್ಟ ಹೆಂಗಸರಿಗೇ ಗೊತ್ತಾಗ್ಲಿಲ್ಲ ಅಂದ್ರೆ ಹೆಂಗೆ?"

"ನೆಲ ಒರೆಸಿದ್ದೀನಿ. ಒಣಗಿಲ್ಲ."

"ಒರೆಸಿದ್ದೀಯಾ? ಇವತ್ತು?" ಕ್ಲೆಮ್ ಅವಳ ಮುಖವನ್ನೇ ನೋಡಿದ. ನಗು ಕಡಿಮೆಯಾಯಿತು. "ಏನಾಗಿದೆ ಹೇಳು."

"ಏನೂ ಇಲ್ಲ."

ಹೇಳಿದ್ದರೆ ಆಗುತ್ತಿತ್ತು. ಆದರೆ ಕ್ಲೆಮ್‌ನ ಭಾವಮೈದುನ ಕಂಪನಿಯ ಪೀಪಾಯಿ ಲಾರಿ ಓಡಿಸುತ್ತಿದ್ದ. ಇಲ್ಲಿ ಆಡಿದ ಮಾತು ಸಂಜೆಯೊಳಗೆ ಅಲ್ಲಿ ಮುಟ್ಟುತ್ತಿತ್ತು. ಜನರನ್ನು ಹೊರಗೆ ಕಳಿಸು, ಬೆಂಕಿ ಆರಿಸು, ಫೋನ್ ಮಾಡು ಎಂದಿದ್ದ ಪೀಕ್. ಮೊದಲೆರಡನ್ನು ಅವಳು ಮಾಡಿದ್ದಳು. ಗುರುವಾರದ ತನಕ ಹೀಗೇ ಏನಾದರೊಂದು ನೆಪ ಹೇಳಿಕೊಂಡು ತಳ್ಳಿದರೆ ಎಂದು ಲೆಕ್ಕ ಹಾಕುತ್ತಿದ್ದೆ ಎಂದು ಆಮೇಲೆ ನನ್ನ ಬಳಿ ಹೇಳಿದಳು.

"ವಿಲ್ಫ್ ಇದ್ದಿದ್ರೆ ನಮ್ಮನ್ನ ಹೀಗೆ ನಿಲ್ಲಿಸ್ತಿದ್ನಾ?" ಎಂದ ಕ್ಲೆಮ್.

"ವಿಲ್ಫ್ ಇಲ್ಲ."

"ಅದು ಕಾಣ್ತಾ ಇದೆ."

ಎಫ್ರೇಮ್ ಕೋಲಿನಿಂದ ನೆಲ ಕುಟ್ಟಿದ. "ನೇಗಿಲು ಬೇಡ ಅಂದೋರಿಗೆ ಏನ್ ಮಾಡ್ತಿದ್ರೋ ನಮ್ಮ ಕಾಲದಲ್ಲಿ? ಮರ್ತುಬಿಟ್ರಾ? ನನ್ನ ಬೆಂಕಿ ಬೇರೆ ಆರಿಸಿದ್ದಾಳೆ!"

ನಾಬಿ ಹೋ ಎಂದು ಕೂಗಿದ. ಮತ್ತೆ ನಗು. ಬಿಗುವು ಸಡಿಲಿಸಲು ಎಲ್ಲರಿಗೂ ಏನಾದರೊಂದು ಬೇಕಾಗಿತ್ತು. ಕ್ಲೆಮ್ ನಗಲಿಲ್ಲ. "ನಿಯಮ ನಿಯಮಾನೇ, ಯಜಮಾನಿ," ಎಂದು ನೇಗಿಲ ಹಿಡಿಗಳಿಗೆ ಕೈ ಹಾಕಿದ.

"ಉತ್ಕೊಳ್ಳಿ," ಎಂದಳು ಆಲಿವ್. "ಒಳಗೆ ಮಾತ್ರ ಬರಬೇಡಿ."

ಬಾಗಿಲಿನಿಂದ ಗೋಡೆಯ ಗುಂಟ ಹೊಗೆಗೂಡಿನ ಮೂಲೆಯ ತನಕ ಒಂದು ಹುಲ್ಲಿನ ಪಟ್ಟಿ ಇದೆ. ಅಲ್ಲಿ ನೇಗಿಲ ಗುಳ ಇಟ್ಟರು. ಹಗ್ಗ ಹಿಡಿದವರು ಬಾಗಿ ಎಳೆದರು. ಗುಳ ನೆಲ ಕಚ್ಚಲಿಲ್ಲ. ಹೆಪ್ಪುಗಟ್ಟಿದ ಮಣ್ಣಿನ ಮೇಲೆ ಕಿರ್ರೆಂದು ಜಾರಿತು, ಒಂದೆರಡು ಕಿಡಿ ಹಾರಿತು.

"ನೆಲಾನೂ ಯಜಮಾನಿ ಮನಸೂ ಒಂದೇ ಸಮ!" ನಾಬಿ ಕೂಗಿದ. "ಎಳೀರೋ, ಲಂಗ ಉಟ್ಟೋನೇ ಎಳೀತಿದ್ದೀನಿ, ನಿಮಗೇನ್ರೋ!"

ನೇಗಿಲು ಜಾರುತ್ತ, ಎಗರುತ್ತ ಮೂಲೆ ತಲುಪಿತು. ಹಸಿರು ಹುಲ್ಲಿನ ಮೇಲೆ ಮಲಗಿದ್ದ ಬೆಕ್ಕು ನೆಗೆದು ಓಡಿತು. ಮರುಕ್ಷಣ ಗುಳ ನೆಲದೊಳಗೆ ಇಳಿಯಿತು. ಬೆಣ್ಣೆಗೆ ಚಾಕು ಇಳಿದ ಹಾಗೆ, ಹಿಡಿಯ ಬುಡದ ತನಕ. ಎಳೆಯುತ್ತಿದ್ದವರು ಒಬ್ಬರ ಮೇಲೊಬ್ಬರು ಬಿದ್ದರು. ನಾಬಿಯ ಲಂಗ ತಲೆಯ ಮೇಲೆ ಬಂತು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿರುವಾಗ ಕ್ಲೆಮ್ ಒಬ್ಬನೇ ಹಿಡಿ ಬಿಟ್ಟು ಕೆಳಗೆ ನೋಡುತ್ತ ನಿಂತಿದ್ದ. ಗುಳದ ಸುತ್ತ ಕಪ್ಪು ರಾಡಿ ಉಕ್ಕುತ್ತಿತ್ತು. ಆ ಚಳಿಯಲ್ಲಿ ಅದರಿಂದ ಸಣ್ಣಗೆ ಆವಿ ಏಳುತ್ತಿತ್ತು.

"ನೀರು," ಎಂದ ಕ್ಲೆಮ್. "ಆಲಿವ್, ಇಲ್ಲಿ ನೀರೆಲ್ಲಿಂದ ಬಂತು?"

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಒಳಗಿನಿಂದ ಒಂದು ಸದ್ದು ಬಂತು, ದಪ್ಪ ಮೂಳೆ ಮುರಿದ ಹಾಗೆ. ಮರದ ಗೂಟ. ಮನೆಯ ಎಲ್ಲ ಸದ್ದುಗಳನ್ನೂ ಬಲ್ಲ ಆಲಿವ್‌ಗೆ ಇದು ಹೊಸದು. ಬೆನ್ನಿಗೇ ಇಟ್ಟಿಗೆಗಳು ಉರುಳುವ ಸದ್ದು, ಆಮೇಲೆ ಬಾಗಿಲ ಸಂದಿಯಿಂದ ಮಸಿಯ ಕರಿ ಮೋಡ. ಹೊಗೆಗೂಡಿನ ನೆತ್ತಿಯಿಂದ ಕಾಗೆಗಳು ಎದ್ದವು.

ಆಲಿವ್ ಬಾಗಿಲಿಗೆ ಓಡಿದಳು. ಕ್ಲೆಮ್ ಅವಳ ಸೊಂಟ ಹಿಡಿದು ಎತ್ತಿಯೇ ಬಿಟ್ಟ.

"ಬಿಡೋ! ನನ್ನ ಮನೆ!"

"ನಿನ್ನ ಮನೇನೇ, ಆದ್ರೆ ಈಗ ಹೋಗೋದು ಬೇಡ. ಒಳಗೆ ಯಾರಿದ್ದಾರೆ? ಹೇಳು, ಒಳಗೆ ಯಾರಾದ್ರೂ ಇದ್ದಾರಾ?"

"ಯಾರೂ ಇಲ್ಲ," ಎಂದಳು. ಮತ್ತೆ, ಎಲ್ಲರ ಮುಖ ನೋಡಿ, "ಯಾರೂ ಇಲ್ಲ."

ಮಸಿ ಕೆಳಗೆ ಕೂತ ಮೇಲೆ ಕ್ಲೆಮ್ ಬಾಗಿಲು ತಳ್ಳಿದ. ಹೊಸ್ತಿಲಿನಿಂದಲೇ ಕಾಣುತ್ತಿತ್ತು. ಮುದುಕನ ಎಡತುದಿ ಗೋಡೆಯಿಂದ ಜಾರಿ ಒಂದು ಗೇಣು ಇಳಿದು, ಹೇಗೋ ಕಟ್ಟೆಯ ಹಿಂಗೋಡೆಗೆ ಸಿಕ್ಕಿಕೊಂಡು ನಿಂತಿತ್ತು. ಎಡಗಡೆಯ ಕಟ್ಟೆಯ ಮೇಲೆ ಇಟ್ಟಿಗೆಯ ರಾಶಿ. ಬೆಂಕಿ ಉರಿಯುತ್ತಿದ್ದರೆ ಅದು ಹೊರಕ್ಕೆ ಚೆಲ್ಲಿ ಜೊಂಡಿನ ಸೂರಿಗೆ ಹತ್ತುತ್ತಿತ್ತು. ವಿಲ್ಫ್‌ನ ಚಿತ್ರ ಕೆಳಗೆ ಬಿದ್ದಿತ್ತು. ಅದಿದ್ದ ಜಾಗದಲ್ಲಿ ಎರಡು ತುಂಡಾದ ಗಾಜು ಬಿರುಕಿನ ಆಚೀಚೆ ಅಂಟಿಕೊಂಡಿತ್ತು.

ಎಫ್ರೇಮ್ ಎಲ್ಲರ ನಡುವೆ ನುಸುಳಿ ಬಂದು ತನ್ನ ಕಟ್ಟೆಯನ್ನು ನೋಡಿದ.

"ನನ್ನ ಗ್ಲಾಸು?" ಎಂದ ಕೊನೆಗೆ.

"ನಿಮ್ಮ ಕೈಲೇ ಇದೆ ತಾತ," ಎಂದಳು ಆಲಿವ್.

ನಾಬಿ ಟೋಪಿ ತೆಗೆದ. "ನಾವು ನೇಗಿಲು ಎಳೆದಿದ್ದಕ್ಕೆ..."

"ಇಲ್ಲ. ಅದಕ್ಕೂ ಮುಂಚೆನೇ ಗಾಜು ಒಡೆದಿತ್ತು. ನಾನು ನೋಡಿದ್ದೆ." ಏಪ್ರನ್ನಿನೊಳಗಿನ ಕೈ ಹೊರತೆಗೆದಳು. ಬೆರಳಿನ ರಕ್ತ ಒಣಗಿತ್ತು. ಕ್ಲೆಮ್ ಆ ಕೈಯನ್ನು ನೋಡಿದ, ಮುಚ್ಚಿದ್ದ ಬೆಂಕಿಯನ್ನು ನೋಡಿದ. ಆಮೇಲೆ ರಸ್ತೆಗೆ ಹೋಗಿ ಜನರನ್ನು ಗೋಡೆಯಿಂದ ದೂರ ಸರಿಸತೊಡಗಿದ.

ಅವಳು ಫೋನ್ ಮಾಡಿದ್ದು ನಮ್ಮ ಮನೆಯಿಂದ. ನಾನು ಪಕ್ಕದಲ್ಲೇ ಇದ್ದೆ. ಹೋಗೆನ್ನಲಿಲ್ಲ, ನಾನೂ ಹೋಗಲಿಲ್ಲ.

"ಮಿಸ್ಟರ್ ಪೀಕ್, ಗಾಜು ಒಡೀತು... ಹೂಂ, ಎಲ್ಲಾ ಹೊರಗಿದ್ದಾರೆ. ತೊಲೆ ಇಳಿದಿದೆ... ಯಾವಾಗ ಅಂದ್ರೆ, ಗಾಜು ಮುಂಚೆನೇ ಒಡೆದಿತ್ತು. ನಾನು ಆಗ್ಲೇ ಫೋನ್ ಮಾಡ್ಲಿಲ್ಲ." ಆ ಕಡೆಯವನು ಏನೋ ಹೇಳಿದ. ಅವಳು ಕಿಟಕಿಯಿಂದ ಎದುರು ಮನೆಯನ್ನು ನೋಡುತ್ತಿದ್ದಳು. ಸುಮ್ಮನಿದ್ದರೂ ಆಗುತ್ತಿತ್ತು. ಅವನು ಬಂದು ಹುಡುಕಿಕೊಳ್ಳುತ್ತಿದ್ದ, ಅಥವಾ ಇಲ್ಲ. "ಇನ್ನೊಂದು ಮಾತಿದೆ. ನೀವು ಎರಡು ಪ್ರಶ್ನೆ ಕೇಳಿದ್ರಿ. ಎರಡಕ್ಕೂ ಹೌದು. ಕಂಬ ಇತ್ತು, ನನ್ನ ಗಂಡ ತೆಗೆದ್ರು. ಪೈಪೂ ಇದೆ, ಅದನ್ನೂ ಅವರೇ ಹೂತಿದ್ದು. ಅದು ಸೋರ್ತಿದೆ ಅನ್ಸುತ್ತೆ. ಯಾರ ಅಪ್ಪಣೇನೂ ಕೇಳಿರ್ಲಿಲ್ಲ... ಇಲ್ಲ, ನಾನೇ ಹೇಳ್ತಿರೋದು. ಬರ್ಕೊಳ್ಳಿ."

ಫೋನ್ ಇಟ್ಟು ಕುರ್ಚಿಯಲ್ಲಿ ಕೂತಳು. ನಾನು ಟೀ ಮಾಡಲು ಎದ್ದೆ. "ಟೀ ಬೇಡ," ಎಂದಳು ತಟ್ಟನೆ. ಎದುರು ಮನೆಯ ಮೇಲಿಂದ ಕಣ್ಣು ತೆಗೆಯಲಿಲ್ಲ.

ಪೀಕ್ ಬೆಳಕಿರುವಾಗಲೇ ಬಂದ. ಕಬ್ಬಿಣದ ಜಾಕಿಗಳನ್ನು ತಂದಿದ್ದ. ಕ್ಲೆಮ್ ಬೀಟ್ ಲಾರಿಯಲ್ಲಿ ಹಳೆಯ ರೈಲು ಹಳಿಯ ಮರದ ದಿಮ್ಮಿಗಳನ್ನು ತಂದ. ಕುಣಿತದ ಬಟ್ಟೆಯಲ್ಲೇ ಗಂಡಸರು ಹೊಸ್ತಿಲ ತನಕ ದಿಮ್ಮಿ ಹೊತ್ತರು; ಒಳಗೆ ಹೋದದ್ದು ಪೀಕ್ ಮತ್ತು ಕ್ಲೆಮ್ ಇಬ್ಬರೇ. ಮುದುಕನ ಕೆಳಗೆ ಜಾಕಿ ತಿರುಗಿಸಿ ದಿಮ್ಮಿಗಳ ಆಸರೆ ಕೊಟ್ಟರು. ನೀರಿನ ಮುಖ್ಯ ನಲ್ಲಿ ಮುಚ್ಚಿಸಿ, ನೇಗಿಲು ಬಿಟ್ಟ ಹಳ್ಳದಲ್ಲಿ ಕೈಹಾಕಿ ಪೀಕ್ ಪೈಪಿನ ಕೀಲು ಹುಡುಕಿದ. ಅದು ಎಷ್ಟೋ ಕಾಲದಿಂದ ಸೋರಿ, ಹೊಗೆಗೂಡಿನ ಬುಡದ ಮಣ್ಣನ್ನು ತೊಳೆದುಹಾಕಿತ್ತು. ಹೊಗೆಗೂಡು ಹೊರಕ್ಕೆ ವಾಲುತ್ತ ತೊಲೆಯನ್ನು ಗೋಡೆಯಿಂದ ಎಳೆಯುತ್ತಿತ್ತು. ಕಂಬವಿದ್ದಿದ್ದರೆ ತಡೆದುಕೊಳ್ಳುತ್ತಿತ್ತೇನೋ.

"ಹಾಗಾದ್ರೆ ಯಾವುದರಿಂದ ಆಗಿದ್ದು?" ಎಂದು ಆಲಿವ್ ಕೇಳಿದಳು. "ಕಂಬದಿಂದಾನಾ, ಪೈಪಿಂದಾನಾ?"

"ಎರಡೂ."

"ಎರಡೂ ವಿಲ್ಫೇ," ಎಂದಳು. "ಒಂದು ಚೆಂದಕ್ಕೆ ಅಂತ, ಇನ್ನೊಂದು ನಾವು ಮಳೇಲಿ ನೆನೀಬಾರ್ದು ಅಂತ."

ಮನೆಯ ಹಂದರಕ್ಕೆ ಏನೂ ಆಗಿಲ್ಲ, ಆಗಿರುವುದು ಹೊಗೆಗೂಡಿನ ಬುಡಕ್ಕೆ ಎಂದು ಪೀಕ್ ಕಂಪನಿಗೆ ಹೇಳಿದನಂತೆ. ಕಂಪನಿಯವರು ಅದನ್ನು ನಂಬಲು ವಸಂತದ ತನಕ ಹಿಡಿಯಿತು. ಮನೆ ರಿಪೇರಿಯಾಗುವ ತನಕ ಆಲಿವ್ ನಮ್ಮ ಮುಂದಿನ ಕೋಣೆಯಲ್ಲಿದ್ದಳು. ಕಂಪನಿಯ ಕಾರು ಬಂದು ನಿಂತಾಗಲೆಲ್ಲ ಕಿಟಕಿಯ ಬಳಿ ಹೋಗಿ, ಇಳಿದವರ ಕೈಯಲ್ಲಿ ಬಿಳಿ ಬಣ್ಣದ ಡಬ್ಬಿ ಇದೆಯೇ ಎಂದು ನೋಡುತ್ತಿದ್ದಳು. ಪಬ್ಬಿನ ಕಿಟಕಿಗಳಿಗೆ ಹಲಗೆ ಬಡಿದ ದಿನ ಅವಳು ಊಟ ಮಾಡಲಿಲ್ಲ. ಅದು ಕೆಲಸಗಾರರು ಗಾಜು ಒಡೆಯದಿರಲೆಂದು ಬಡಿದದ್ದು ಎಂದು ಕ್ಲೆಮ್ ಬಂದು ಹೇಳಿದ ಮೇಲೂ ಮಾಡಲಿಲ್ಲ.

ಹೊಗೆಗೂಡಿನ ಬುಡ ತೋಡಿ ಹೊಸ ಪಾಯ ಹಾಕಿದರು. ಮುದುಕನನ್ನು ಮತ್ತೆ ಅವನ ಜಾಗಕ್ಕೆ ಎತ್ತಿದರು. ಅವನ ಕೆಳಗೆ ಇಟ್ಟಿಗೆ ಕಂಬ ಮತ್ತೆ ಬಂತು, ಹಳೆಯದರಷ್ಟೇ ಕುರೂಪವಾಗಿ. ಸುಗ್ಗಿಯ ಹೊತ್ತಿಗೆ ಆಲಿವ್ ತನ್ನ ಮಂಚಕ್ಕೆ ವಾಪಸು ಹೋದಳು. ಎಡಗಡೆಯ ಕಟ್ಟೆ ಈಗ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಎಫ್ರೇಮ್ ಓರೆಯಾಗಿ ಕೂರಬೇಕು. ಬಂದವರ ಮುಂದೆಲ್ಲ ಆ ಕಂಬವನ್ನು ಬೈಯದ ದಿನವಿಲ್ಲ.

ಮರುವರ್ಷದ ನೇಗಿಲ ಸೋಮವಾರ ಮಳೆ ಹನಿಯುತ್ತಿತ್ತು. ಕ್ಲೆಮ್ ಹೊಸ್ತಿಲಲ್ಲಿ ನಿಂತ. "ಒಳಗೆ ಬರಬಹುದಾ, ಯಜಮಾನಿ? ಅಥವಾ ಉಳೋದಾ?"

"ಬನ್ನಿ. ಬೂಟು ಒರೆಸ್ಕೊಂಡು ಬನ್ನಿ."

ಕುಣಿತ ಶುರುವಾಯಿತು. ಮೊಳೆ ಬೂಟುಗಳು ನೆಲಕ್ಕೆ ಬಡಿದಾಗ ಗ್ಲಾಸುಗಳು ಕಿಣಿಗುಟ್ಟಿದವು, ಬೆಂಕಿ ಎದ್ದು ಕೂತಿತು. ಆಲಿವ್ ಬಾರಿನ ಹಿಂದೆ ಇರಲಿಲ್ಲ. ಅವಳು ಬೆಂಕಿಗೂಡಿನ ಪಕ್ಕದ ಗೋಡೆಗೆ ಅಂಗೈ ಒತ್ತಿ ನಿಂತಿದ್ದಳು. ಅವಳ ಕೈಯ ಪಕ್ಕದಲ್ಲಿ ಪೀಕ್ ಹೊಸದಾಗಿ ಹಾಕಿಹೋದ ಗಾಜಿನ ಪಟ್ಟಿ. ವಿಲ್ಫ್‌ನ ಚಿತ್ರ ಬಾರಿನ ಹಿಂದೆ, ಅದರ ಹಳೆಯ ಮೊಳೆಯಲ್ಲೇ ಇತ್ತು. ಒಂದೊಂದು ಹೆಜ್ಜೆಯೂ ಗೋಡೆಯೊಳಗಿಂದ ಅವಳ ಅಂಗೈಗೆ ಬಂದು ತಟ್ಟುತ್ತಿರಬೇಕು. ಅವಳು ಕುಣಿಯುವವರನ್ನು ನೋಡುತ್ತಿರಲಿಲ್ಲ. ಡೋಲು ನಿಂತು, ಚಪ್ಪಾಳೆ ಮುಗಿದು, ಜನ ಗ್ಲಾಸು ಚಾಚಿ ಕೂಗತೊಡಗಿದ ಮೇಲೆ ಅವಳು ಗಾಜನ್ನು ಇನ್ನೊಮ್ಮೆ ನೋಡಿದಳು. ಪೂರ್ತಿಯಾಗಿತ್ತು. ಆಮೇಲೆ ಕೈ ತೆಗೆದಳು.